ತಪ್ಪು ನಂಬಿಕೆಯಿಂದ ಸಿಕ್ಕ ಸರಿಯಾದ ಔಷಧಿ

ಫಿಟ್ಸ್ ಅಂದ ಕೂಡಲೇ ನಮ್ಮವರು ಕಬ್ಬಿಣದ ಬೀಗದ ಕೈ ಹುಡುಕ್ತಾರೆ. ಹತ್ತೊಂಬತ್ತನೇ ಶತಮಾನದ ಯೂರೋಪಿನ ಎಷ್ಟೋ ವೈದ್ಯರು ಹುಡುಕುತ್ತಿದ್ದದ್ದು ರೋಗಿಯ ಕಾಮಜೀವನವನ್ನು! ಹಸ್ತಮೈಥುನದಿಂದಲೇ ಮೂರ್ಛೆರೋಗ ಬರುತ್ತೆ ಅಂತ ಆಗಿನ ನಂಬಿಕೆ.

ವಿಕ್ಟೋರಿಯಾ ರಾಣಿಯ ಹೆರಿಗೆ ವೈದ್ಯರಾಗಿದ್ದ ಚಾರ್ಲ್ಸ್ ಲೋಕಾಕ್ ಒಂದು ಜರ್ಮನ್ ವರದಿ ಓದಿದ್ದರು. ಪೊಟ್ಯಾಸಿಯಂ ಬ್ರೋಮೈಡ್ ತಗೊಂಡ್ರೆ ತಾತ್ಕಾಲಿಕವಾಗಿ ನಪುಂಸಕತ್ವ ಬರುತ್ತೆ ಅಂತ ಅದರಲ್ಲಿತ್ತು. ಮುಟ್ಟಿನ ಸಮಯದಲ್ಲಿ ಫಿಟ್ಸ್ ಬರುತ್ತಿದ್ದ ಹೆಂಗಸರಿಗೆ ಅದನ್ನೇ ಕೊಟ್ಟು ನೋಡಿದರು. ಫಿಟ್ಸ್ ನಿಂತಿತು! 1857ರ ಮೇ ತಿಂಗಳಲ್ಲಿ ಲಂಡನ್ನಿನ ವೈದ್ಯರ ಸಭೆಯಲ್ಲಿ ಈ ವಿಷಯ ಹೇಳಿದರು. ಮೂರ್ಛೆರೋಗಕ್ಕೆ ನಿಜವಾಗಿ ಕೆಲಸ ಮಾಡಿದ ಮೊದಲ ಔಷಧಿ ಅದು.

ಬ್ರೋಮೈಡ್ ಶಾಂತ ಮಾಡುತ್ತಿದ್ದದ್ದು ಮೆದುಳಿನ ನರಕೋಶಗಳನ್ನು. ಕಾಮಾಸಕ್ತಿ ಕುಗ್ಗಿದ್ದು ಅಡ್ಡ ಪರಿಣಾಮ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಬಗ್ಗನ್ನೇ ಫೀಚರ್ ಅಂದುಕೊಂಡ್ರು.

ಈ ನಂಬಿಕೆ ಕ್ರೂರವೂ ಆಯ್ತು. ಐಸಾಕ್ ಬೇಕರ್ ಬ್ರೌನ್ ಎಂಬ ಲಂಡನ್ನಿನ ಸರ್ಜನ್, ಮೂರ್ಛೆಗೆ ಮದ್ದೆಂದು ಹೆಂಗಸರ ಚಂದ್ರನಾಡಿಯನ್ನೇ ಕತ್ತರಿಸುತ್ತಿದ್ದ. 1867ರಲ್ಲಿ ಅಲ್ಲಿನ ಪ್ರಸೂತಿ ವೈದ್ಯರ ಸಂಘ ಅವನನ್ನು ಹೊರಹಾಕಿತು.

ಆಮೇಲೆ 1912ರಲ್ಲಿ ಫಿನೋಬಾರ್ಬಿಟಾಲ್, 1938ರಲ್ಲಿ ಫಿನೈಟಾಯಿನ್ ಬಂದವು. ಕಾಮವೇ ಕಾರಣ ಅನ್ನೋ ಮಾತು ಹೋಯ್ತು, ಜೊತೆಗೆ ಕಾಮದ ಮಾತೇ ಹೋಯ್ತು! 1954ರಲ್ಲಿ ಫ್ರಾನ್ಸಿನ ಗಾಸ್ತೋ ಮತ್ತು ಕೊಲೊಂಬ್ ಎಂಬ ವೈದ್ಯರು ಒಂದು ಬಗೆಯ ಮೂರ್ಛೆರೋಗಿಗಳಲ್ಲಿ ಆಸಕ್ತಿಯೇ ಕುಗ್ಗಿರೋದನ್ನು ಬರೆದರು. ಹಳೇ ವಾದ ಪೂರ್ತಿ ತಲೆಕೆಳಗಾಯ್ತು ನೋಡಿ.

ಇದಕ್ಕೆ ಕಾರಣ ಒಂದೇ ಅಲ್ಲ. ಮೆದುಳಿನ ಕೆಲವು ಭಾಗಗಳಲ್ಲಿ ಹುಟ್ಟುವ ಫಿಟ್ಸ್ ಹಾರ್ಮೋನುಗಳನ್ನು ಏರುಪೇರು ಮಾಡುತ್ತೆ. ಫಿನೈಟಾಯಿನ್, ಕಾರ್ಬಮಾಜೆಪಿನ್‌ನಂಥ ಮಾತ್ರೆಗಳು ದೇಹಕ್ಕೆ ಸಿಗುವ ಟೆಸ್ಟೋಸ್ಟೆರಾನ್ ಕಡಿಮೆ ಮಾಡಬಹುದು, ಗರ್ಭನಿರೋಧಕ ಮಾತ್ರೆಯ ಬಲವನ್ನೂ ತಗ್ಗಿಸುತ್ತವೆ. ಖಿನ್ನತೆ, ಆ ಹೊತ್ತಿನಲ್ಲೇ ಫಿಟ್ಸ್ ಬಂದ್ರೆ ಅನ್ನೋ ಭಯ ಬೇರೆ.

ನಮ್ಮಲ್ಲಿ ಈ ಮಾತು ಆಡೋದು ಇನ್ನೂ ಕಷ್ಟ. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯ್ದೆ, ಪದೇ ಪದೇ ಫಿಟ್ಸ್ ಬರೋರನ್ನ ಮದುವೆಗೆ ಅನರ್ಹರು ಅಂದಿತ್ತು. ಅದನ್ನು ತೆಗೆದದ್ದು 1999ರಲ್ಲಿ. ಕಾನೂನು ಬದಲಾದ್ರೂ ಮನೆಯವರು ಬಚ್ಚಿಡ್ತಾರೆ. ಮದುವೆಯಾದ ಮೇಲೆ ಮಾತ್ರೆಯನ್ನೇ ಕದ್ದು ನುಂಗಬೇಕಾದವರು ಮಲಗುವ ಕೋಣೆಯ ಕಷ್ಟವನ್ನು ಯಾರ ಹತ್ರ ಹೇಳ್ಕೋಬೇಕು?

ಡಾಕ್ಟರು ತಾವಾಗಿ ಕೇಳದಿರಬಹುದು. ನಾವೇ ಕೇಳಬೇಕು. ಮಾತ್ರೆ ಬದಲಿಸಬಹುದು, ಹಾರ್ಮೋನ್ ಪರೀಕ್ಷೆ ಮಾಡಿಸಬಹುದು. ಆದರೆ ನೀವಾಗೇ ಮಾತ್ರೆ ನಿಲ್ಲಿಸೋದು ಮಾತ್ರ ಬೇಡ, ಅದು ಪ್ರಾಣಕ್ಕೇ ಅಪಾಯ.

ಅಂದು ವೈದ್ಯರು ಬೇಡದ್ದನ್ನೆಲ್ಲ ಕೇಳಿದರು, ಇಂದು ಬೇಕಾದ್ದನ್ನೂ ಯಾರೂ ಕೇಳುತ್ತಿಲ್ಲ. ನೀವೇನಂತೀರಿ?