ಮನೆಮುದ್ರಣದ ಕ್ರೀಡಾಕಾರ್ಡು ಮತ್ತು ಹಸ್ತಾಕ್ಷರ ಸಂಗ್ರಹ

ಆಟಗಾರರ ಸಹಿ ಪಡೆಯಲೆಂದೇ ಸಂಗ್ರಾಹಕರು ತಾವೇ ವಿನ್ಯಾಸ ಮಾಡಿ, ಮನೆಯ ಪ್ರಿಂಟರಿನಲ್ಲೋ ಫೋಟೋ ಲ್ಯಾಬಿನಲ್ಲೋ ಕೆಲವೇ ಪ್ರತಿಗಳನ್ನು ಮುದ್ರಿಸಿಕೊಳ್ಳುವ ಕಾರ್ಡಿಗೆ ಅಮೆರಿಕದ ಬೇಸ್‌ಬಾಲ್ ವಲಯದಲ್ಲಿ 'ಕಸ್ಟಮ್' ಎಂದು ಹೆಸರು. ಇದರ ಚರಿತ್ರೆಯನ್ನು ಕಂಪ್ಯೂಟರಿನಿಂದ ಆರಂಭಿಸುವುದು ರೂಢಿ. ಅನಧಿಕೃತ ಕಾರ್ಡುಗಳ ಕಥೆಯೊಳಗೆ ಇದನ್ನು ತುರುಕುವುದೂ ಉಂಟು. ಈ ಗೊಂದಲದ ಮೂಲ ವರ್ಗೀಕರಣದಲ್ಲಿದೆ. ಅಮೆರಿಕದ ಕಾರ್ಡು ಸಂಗ್ರಾಹಕ ಜೆಫರ್ಸನ್ ಬರ್ಡಿಕ್ 1939ರಲ್ಲಿ ಮೊದಲು ಹೊರತಂದ ಕ್ಯಾಟಲಾಗು ಕಾರ್ಡುಗಳನ್ನು ಮುಖ್ಯವಾಗಿ ಅವುಗಳನ್ನು ಹಂಚಿದ ಉದ್ಯಮದ ಮೇಲೆ ವಿಂಗಡಿಸಿತು: ತಂಬಾಕಿಗೆ 'ಟಿ', ಹಳೆಯ ಮಿಠಾಯಿಗೆ 'ಇ', 1930ರ ದಶಕದ ಗಮ್ಮಿಗೆ 'ಆರ್'. ಯಾವ ಸರಕಿನ ಜೊತೆಗೂ ಬಾರದ, ಯಾರೂ ಮಾರದ ಕಾರ್ಡಿಗೆ ಇಂಥ ಪಟ್ಟಿಯಲ್ಲಿ ಜಾಗ ಸಿಗುವುದು ಕಷ್ಟ. ಕಾರ್ಡನ್ನು ಸರಕೆಂದು ನೋಡದೆ ಸಹಿ ಹಾಕುವ ಹಾಳೆಯೆಂದು ನೋಡಿದರೆ ಅದರ ವಂಶಾವಳಿ ಬೇರೆಯಾಗುತ್ತದೆ.

ಕಂಪನಿ ಕಾರ್ಡುಗಳ ಕಥೆ ಚಿರಪರಿಚಿತ. 1880ರ ದಶಕದಲ್ಲಿ ಅವು ಸಿಗರೇಟು ಪೊಟ್ಟಣದಲ್ಲಿ ಬಂದವು, 1930ರ ದಶಕದಲ್ಲಿ ಗಮ್ಮಿನ ಜೊತೆ. 1952ರಲ್ಲಿ ಗಮ್ಮು ಕಂಪನಿ ಟಾಪ್ಸ್ 407 ಕಾರ್ಡುಗಳ ಸರಣಿ ತಂದಿತು. 1957ರಲ್ಲಿ ಅದು ಹಿಡಿದ 2.5×3.5 ಇಂಚಿನ ಅಳತೆ ಇಂದಿಗೂ ಉಳಿದಿದೆ. ಸಹಿಯ ದಾರಿ ಇದರ ಪಕ್ಕದಲ್ಲೇ ಬೇರೆಯಾಗಿ ಸಾಗಿತು. ಮರುಟಪಾಲಿನ ಲಕೋಟೆಗೆ ವಿಳಾಸ ಬರೆದು, ಅಂಚೆಚೀಟಿ ಅಂಟಿಸಿ, ಒಳಗೆ 3×5 ಇಂಚಿನ ಖಾಲಿ ಇಂಡೆಕ್ಸ್ ಕಾರ್ಡು ಇಟ್ಟು ಆಟಗಾರರಿಗೆ ಕಳಿಸುವುದು ಹಳೆಯ ಪದ್ಧತಿ. ಕೂಪರ್ಸ್‌ಟೌನಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಫಲಕಗಳ ಪೋಸ್ಟ್‌ಕಾರ್ಡುಗಳೂ ಹೀಗೆ ಸಹಿಗಾಗಿ ಓಡಾಡಿದವು. 1980ರಿಂದ ಹೊರಬಂದ ಪೆರೆಜ್-ಸ್ಟೀಲ್ ಕಲಾ ಪೋಸ್ಟ್‌ಕಾರ್ಡುಗಳ ಮುದ್ರಣ 10,000 ಸೆಟ್ಟುಗಳಿಗೆ ಸೀಮಿತ; ಸಹಿ ಸಂಗ್ರಾಹಕರಿಗೆ ಅವು ಅಚ್ಚುಮೆಚ್ಚು. ಮನೆಮುದ್ರಣದ ಕಾರ್ಡು ಟಾಪ್ಸಿನ ನಕಲಿಗಿಂತ ಹೆಚ್ಚಾಗಿ ಈ ಪೋಸ್ಟ್‌ಕಾರ್ಡು, ಇಂಡೆಕ್ಸ್ ಕಾರ್ಡುಗಳ ವಾರಸುದಾರ. ಕೆಲವೇ ಪಂದ್ಯ ಆಡಿ ಮರೆಯಾದವರು, ಅಂಪೈರುಗಳು, ಕಪ್ಪುವರ್ಣೀಯರ ಪ್ರತ್ಯೇಕ ನೀಗ್ರೋ ಲೀಗಿನ ಎಷ್ಟೋ ಆಟಗಾರರು ತಮ್ಮ ಕಾಲದಲ್ಲಿ ಕಂಪನಿ ಕಾರ್ಡು ಕಾಣಲಿಲ್ಲ. 1970ರ ದಶಕದಲ್ಲಿ ಟಿಸಿಎಂಎಯಂಥ ಸಣ್ಣ ಪ್ರಕಾಶಕರು ಹಳೆಯ ಆಟಗಾರರ ಸರಣಿಗಳನ್ನು ತಂದು ಈ ಕೊರತೆಯನ್ನು ಒಂದಿಷ್ಟು ತುಂಬಿದರು. ಬೇಡಿಕೆ ಪ್ರಿಂಟರಿಗಿಂತ ಮೊದಲೇ ಇತ್ತೆಂಬುದಕ್ಕೆ ಅದೇ ಸಾಕ್ಷಿ.

ಅನುಮತಿಯಿಲ್ಲದ ಕಾರ್ಡೆಲ್ಲ ಒಂದೇ ಅಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಆಟಗಾರನ ಚಿತ್ರದ ಮೇಲಿನ ಹಕ್ಕಿಗೆ ಅಮೆರಿಕದ ಕಾನೂನಿನಲ್ಲಿ 'ಪ್ರಚಾರ ಹಕ್ಕು' ಎಂಬ ಹೆಸರು ಬಂದದ್ದೇ ಬೇಸ್‌ಬಾಲ್ ಕಾರ್ಡಿನ ವ್ಯಾಜ್ಯದಿಂದ: 1953ರ ಗಮ್ಮು ಕಂಪನಿಗಳಾದ ಹೇಲನ್ ಲ್ಯಾಬೊರೇಟರೀಸ್ ಮತ್ತು ಟಾಪ್ಸ್ ನಡುವಿನ ಮೊಕದ್ದಮೆಯ ತೀರ್ಪಿನಲ್ಲಿ. 1996ರಲ್ಲಿ ಕಾರ್ಡ್‌ಟೂನ್ಸ್ ಮೊಕದ್ದಮೆಯ ಮೇಲ್ಮನವಿ ನ್ಯಾಯಾಲಯ ಆಟಗಾರರನ್ನು ಅಣಕಿಸುವ ಕಾರ್ಡುಗಳಿಗೆ ವಾಕ್‌ಸ್ವಾತಂತ್ರ್ಯದ ರಕ್ಷಣೆ ಕೊಟ್ಟಿತು. ಎರಡೂ ಕಡೆ ವಿವಾದ ಹುಟ್ಟಿದ್ದು ಮಾರಾಟದ ಸುತ್ತ. ಹಳೆಯ ದುಬಾರಿ ಕಾರ್ಡೆಂದು ನಂಬಿಸುವ ಖೋಟಾ ಕಾರ್ಡಿಗೂ, 1980ರ ದಶಕದಲ್ಲಿ ಪರವಾನಗಿಯಿಲ್ಲದೆ ಮಾರಾಟವಾಗಿ 'ಬ್ರೋಡರ್' ಎಂಬ ಅಡ್ಡಹೆಸರು ಪಡೆದ ಕಾರ್ಡಿಗೂ ಗಿರಾಕಿ ಬೇಕು. ಕಸ್ಟಮ್ ಕಾರ್ಡು ಹೋಗುವುದು ಅದರಲ್ಲಿರುವ ಆಟಗಾರನ ಕೈಗೇ. ಅವನಿಗೂ ಒಂದು ಪ್ರತಿ ಇರಲೆಂದು ಹೆಚ್ಚುವರಿ ಕಾರ್ಡು ಸೇರಿಸಿ ಕಳಿಸುವವರು ಅನೇಕರು. ಹಾಗೆಂದು ಹಕ್ಕಿನ ಪ್ರಶ್ನೆ ಮಾಯವಾಗದು: ಫೋಟೋ ತೆಗೆದವರ ಕೃತಿಸ್ವಾಮ್ಯ ಬೇರೆಯೇ ಇದೆ, ಸಹಿ ಹಾಕಿದ ಮಾತ್ರಕ್ಕೆ ಮಾರುವ ಪರವಾನಗಿಯೂ ಸಿಕ್ಕಂತಲ್ಲ.

ಪ್ರಿಂಟರಿನ ಪಾತ್ರ ದೊಡ್ಡದೇ, ಆದರೆ ಅದು ಮುಖ್ಯವಾದದ್ದು ಕಾಗದದ ಮೂಲಕ. 1989ರಲ್ಲಿ ಅಪ್ಪರ್ ಡೆಕ್ ಕಂಪನಿಯ ಕಾರ್ಡುಗಳು, 1991ರಲ್ಲಿ ಟಾಪ್ಸಿನ ಸ್ಟೇಡಿಯಂ ಕ್ಲಬ್ ಸರಣಿ ಬಂದಂತೆ ಕಾರ್ಡುಗಳ ಮೈ ನುಣುಪೇರಿತು. ನುಣುಪಾದ ಮೈಮೇಲೆ ಮಾರ್ಕರ್ ಪೆನ್ನಿನ ಶಾಯಿ ಹನಿಗಟ್ಟುತ್ತದೆ, ಒರೆಸಿಹೋಗುತ್ತದೆ. ಸಂಗ್ರಾಹಕರು ಬೇಬಿ ಪೌಡರ್ ಉಜ್ಜಿ ಆ ಮೈಯನ್ನು ಸಹಿಗೆ ಹದಗೊಳಿಸುತ್ತಿದ್ದರು. ತಾವೇ ಮುದ್ರಿಸುವವರು ಶಾಯಿ ಹಿಡಿಯುವ ಮ್ಯಾಟ್ ಕಾಗದ ಆರಿಸಿ, ಚಿತ್ರದ ತಿಳಿಬಣ್ಣದ ಭಾಗದಲ್ಲಿ ಸಹಿಗೆ ಜಾಗ ಬಿಡಬಹುದಾಯಿತು. 8.5×11 ಇಂಚಿನ ಒಂದು ಹಾಳೆಯಲ್ಲಿ ಇಂಥ ಒಂಬತ್ತು ಕಾರ್ಡುಗಳು ಹಿಡಿಯುತ್ತವೆ. 1990ರಲ್ಲಿ ಅಪ್ಪರ್ ಡೆಕ್ ಆಟಗಾರ ರೆಜಿ ಜಾಕ್ಸನ್ ಸಹಿಯ 2,500 ಕಾರ್ಡುಗಳನ್ನು ಪ್ಯಾಕೆಟ್ಟುಗಳಲ್ಲಿ ಹುದುಗಿಸಿದ ಮೇಲೆ ಕಸ್ಟಮ್ ಕಾರ್ಡಿನ ಅಗತ್ಯ ತೀರಿತೆಂಬ ವಾದವೂ ಉಂಟು. ಆದರೆ ಕಂಪನಿ ಸಹಿ ಕೊಳ್ಳುವುದು ಮಾರಾಟವಾಗುವ ಹೆಸರುಗಳದ್ದು. ಒಂದೇ ಋತು ಆಡಿದವನ ಹೆಸರಿಗೆ ಆ ಲೆಕ್ಕದಲ್ಲಿ ಬೆಲೆ ಕಡಿಮೆ, ಕಸ್ಟಮ್ ಕಾರ್ಡಿನ ಕೆಲಸ ಶುರುವಾಗುವುದು ಅವನಿಂದಲೇ.

ಹೊಸ ತೊಡಕು ಇರುವುದು ದಾಖಲೆಯಲ್ಲಿ. 1952ರ ಟಾಪ್ಸ್ ವಿನ್ಯಾಸವನ್ನು ಅನುಸರಿಸಿದ ಕಸ್ಟಮ್ ಕಾರ್ಡಿನ ಬೆನ್ನಲ್ಲಿ ಮುದ್ರಣದ ವರ್ಷ ಇಲ್ಲದಿದ್ದರೆ ಮುಂದೆ ಪಟ್ಟಿ ಮಾಡುವವರು ಅದನ್ನು ಹಳೆಯದೆಂದೋ ಖೋಟಾ ಎಂದೋ ಬರೆದುಕೊಳ್ಳಬಹುದು. ಮಾರುವ ಉದ್ಯಮವೇ ಇಲ್ಲದ ಈ ಕಾರ್ಡನ್ನು ಬರ್ಡಿಕ್ ಹಾಕಿಕೊಟ್ಟ ಕ್ರಮದಲ್ಲಿ ಗುರುತಿಸಲಾಗದು. ಮಾಡಿದವರು ಬೆನ್ನ ಮೇಲೆ 'ಕಸ್ಟಮ್' ಎಂದು ಬರೆದು ವರ್ಷ ಹಾಕಿದ್ದರೆ ಮಾತ್ರ ಅದಕ್ಕೆ ವಿಳಾಸ.