ಹಿಂತಿರುಗಿಸಿದ ಗೋಲು

ಕಾಲ್ಚೆಂಡಾಟಕ್ಕೆ ಒಟ್ಟು 17 ನಿಯಮಗಳುಂಟು. ಆಟಗಾರನೊಬ್ಬನು ಗಾಯಗೊಂಡು ಬಿದ್ದಾಗ, ಚೆಂಡು ಯಾರ ವಶದಲ್ಲಿದೆಯೋ ಆ ತಂಡದವರು ಅದನ್ನು ಬೇಕೆಂದೇ ಹೊರಗೊದೆಯಬೇಕೆಂದಾಗಲಿ, ಆಟ ಮತ್ತೆ ಆರಂಭವಾದಾಗ ಎದುರಾಳಿಗಳು ಅದನ್ನು ಅವರಿಗೇ ಮರಳಿಸಬೇಕೆಂದಾಗಲಿ ಅವುಗಳಲ್ಲಿ ಹೇಳಿಲ್ಲ. ಆದರೂ ಈ ರೂಢಿಯು ಬಹುಕಾಲದಿಂದ ನಡೆದುಬಂದಿದೆ. ವ್ಯಾಪಾರಿಯ ಮಾತಿನಲ್ಲಿ ಹೇಳುವುದಾದರೆ, ಇದು ಪತ್ರ ಬರೆಯಿಸಿಕೊಳ್ಳದೆ ಕೊಟ್ಟ ಕೈಗಡ. ಗಾಯದ ನಟನೆ ಮಾಡಿ ಇದನ್ನು ದುರುಪಯೋಗಪಡಿಸಿಕೊಂಡವರೂ ಇದ್ದಾರೆನ್ನಿ.

1999ರ ಫೆಬ್ರವರಿ 13ರಂದು ಲಂಡನ್ನಿನ ಹೈಬರಿ ಮೈದಾನದಲ್ಲಿ ಈ ರೂಢಿಗೆ ಭಂಗ ಬಂದಿತು. ಎಫ್.ಎ. ಕಪ್ ಪಂದ್ಯಾವಳಿಯ ಐದನೆಯ ಸುತ್ತು. ಒಂದು ಕಡೆ ಹಿಂದಿನ ವರ್ಷ ಆ ಕಪ್ ಗೆದ್ದಿದ್ದ ಆರ್ಸೆನಲ್. ಇನ್ನೊಂದು ಕಡೆ ಕೆಳಗಿನ ದರ್ಜೆಯ ಶೆಫೀಲ್ಡ್ ಯುನೈಟೆಡ್. ಇಬ್ಬರದೂ ಒಂದೊಂದು ಗೋಲಾಗಿ ಪಂದ್ಯ ಸಮವಾಗಿತ್ತು. ತನ್ನ ತಂಡದವನೊಬ್ಬನು ಬಿದ್ದುದನ್ನು ಕಂಡು ಶೆಫೀಲ್ಡ್‌ನ ಗೋಲು ರಕ್ಷಕ ಅಲನ್ ಕೆಲ್ಲಿ ಚೆಂಡನ್ನು ಹೊರಗೊದೆದನು. ಆರ್ಸೆನಲ್‌ನ ರೇ ಪಾರ್ಲರ್ ರೂಢಿಯಂತೆಯೇ ಅದನ್ನು ಕೆಲ್ಲಿಯ ಕಡೆಗೆ ಎಸೆದನು. ಆದರೆ ಆ ತಂಡದ ಪರವಾಗಿ ಅಂದೇ ಮೊದಲ ಬಾರಿಗೆ ಆಡುತ್ತಿದ್ದ ನೈಜೀರಿಯದ ಕಾನು ನಡುವೆ ಓಡಿಹೋಗಿ ಚೆಂಡನ್ನು ಪಡೆದು ಓವರ್‌ಮಾರ್ಸ್‌ಗೆ ದಾಟಿಸಿದನು. ಅವನು ಗೋಲು ಹೊಡೆದೇಬಿಟ್ಟನು. ನಿಯಮದ ಪ್ರಕಾರ ಅದು ಗೋಲೇ. ತೀರ್ಪುಗಾರನು ಬೇರೇನೂ ಮಾಡುವಂತಿರಲಿಲ್ಲ. ಕೋಪಗೊಂಡ ಶೆಫೀಲ್ಡ್ ವ್ಯವಸ್ಥಾಪಕ ಸ್ಟೀವ್ ಬ್ರೂಸ್ ಆಟಗಾರರನ್ನು ಹೊರಗೆ ಕರೆಯಲು ಮುಂದಾದರು. ಕೊನೆಗೆ ಪಂದ್ಯ 2-1ರಲ್ಲಿ ಮುಗಿಯಿತು.

ಆರ್ಸೆನಲ್ ವ್ಯವಸ್ಥಾಪಕ ಆರ್ಸೆನ್ ವೆಂಗರ್ ಪಂದ್ಯ ಮುಗಿದ ಕೂಡಲೇ ಆಟವನ್ನು ಪುನಃ ಆಡೋಣವೆಂದರು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯೂ ಸಮ್ಮತಿಸಿತು. ಫೆಬ್ರವರಿ 23ರಂದು ಮತ್ತೆ ಪಂದ್ಯ ನಡೆದು, ಆರ್ಸೆನಲ್ ಮತ್ತೆ 2-1ರಿಂದಲೇ ಗೆದ್ದಿತು.

ಕೈಗೆ ಬಂದ ಗೆಲುವನ್ನು ಬಿಟ್ಟುಕೊಟ್ಟ ಈ ನಡತೆಯನ್ನು ಜನರು ಹೊಗಳಿದುದು ನ್ಯಾಯವೇ. ಆದರೆ ಲೆಕ್ಕ ಬರೆದು ಬಾಳಿದ ನನಗೆ ಒಂದು ಬಾಕಿ ಕಾಣುತ್ತದೆ. ಅಂದು ಪಂದ್ಯ 1-1ರಲ್ಲಿಯೇ ಉಳಿದಿದ್ದರೆ, ಆಗಿನ ಕ್ರಮದಂತೆ ಮರುಪಂದ್ಯವು ಶೆಫೀಲ್ಡ್‌ನ ಸ್ವಂತ ಮೈದಾನದಲ್ಲಿ ನಡೆಯಬೇಕಾಗಿತ್ತು. ನಡೆದುದಾದರೋ ಪುನಃ ಹೈಬರಿಯಲ್ಲಿಯೇ. ಅಸಲು ಸಂದಿತು, ಬಡ್ಡಿ ಸಲ್ಲಲಿಲ್ಲ. ವೆಂಗರರ ಮನಸ್ಸು ಶುದ್ಧವಾಗಿದ್ದುದರಲ್ಲಿ ಸಂಶಯವಿಲ್ಲ, ಆದರೆ ಪರಿಹಾರವು ಮೈದಾನದಲ್ಲಿ ಆಗದೆ ತಡವಾಯಿತು.

2019ರ ಏಪ್ರಿಲ್ 28ರಂದು ಲೀಡ್ಸ್ ಯುನೈಟೆಡ್ ತಂಡವು ಆಸ್ಟನ್ ವಿಲಾ ಆಟಗಾರನೊಬ್ಬನು ನೆಲದ ಮೇಲೆ ಬಿದ್ದಿರುವಾಗಲೇ ಗೋಲು ಹೊಡೆಯಿತು. ಮೈದಾನದಲ್ಲಿ ದೊಡ್ಡ ಜಗಳವೇ ಆಯಿತು. ಆಗ ಲೀಡ್ಸ್‌ನ ತರಬೇತುದಾರ ಮಾರ್ಸೆಲೊ ಬಿಯೆಲ್ಸಾ ಎದುರಾಳಿಗೆ ಅಡ್ಡಿಯಿಲ್ಲದೆ ಒಂದು ಗೋಲು ಹೊಡೆಯಲು ಬಿಡುವಂತೆ ತಮ್ಮವರಿಗೆ ಆಜ್ಞಾಪಿಸಿದರು. ಅವರದೇ ಆಟಗಾರ ಪೊಂಟಸ್ ಯಾನ್ಸನ್ ಮಾತ್ರ ತಡೆಯಲು ಯತ್ನಿಸಿದನು. ನಷ್ಟವನ್ನು ಒಪ್ಪಿಕೊಳ್ಳುವುದು ಎಲ್ಲರಿಗೂ ಸುಲಭವಲ್ಲವಷ್ಟೆ. ಪಂದ್ಯ 1-1ರಲ್ಲಿ ಕೊನೆಗೊಂಡಿತು. ಲೀಡ್ಸ್ ಗೆಲ್ಲದೆ ಹೋದುದರಿಂದ ಮೇಲಿನ ದರ್ಜೆಗೆ ನೇರವಾಗಿ ಏರುವ ಸ್ಥಾನವು ಬೇರೊಂದು ತಂಡಕ್ಕೆ ಖಚಿತವಾಯಿತು. ಆ ತಂಡ ಶೆಫೀಲ್ಡ್ ಯುನೈಟೆಡ್.