ಮೂರು ಬಸಿರು, ನಲವತ್ತು ವರ್ಷ

ಟೀವಿಯ ಹಾಸ್ಯ ಧಾರಾವಾಹಿ ಅಂದರೆ ನೋಡಿ, ನಕ್ಕು, ಮರೆತುಬಿಡುವ ಸರಕು ಅನ್ನೋದು ನಮ್ಮಲ್ಲಿ ಅನೇಕರ ಅಭಿಪ್ರಾಯ. ಅರ್ಧ ಗಂಟೆಯ ಕಾರ್ಯಕ್ರಮ, ನಡುನಡುವೆ ಜಾಹೀರಾತು, ಒಂದಿಷ್ಟು ಎಡವಟ್ಟು, ಒಂದಿಷ್ಟು ಮಾತಿನ ಚಕಮಕಿ, ಕೊನೆಗೆ ಎಲ್ಲರೂ ಒಂದಾಗುವುದು. ಇದರಲ್ಲಿ ಇತಿಹಾಸ ಹುಡುಕುವುದೇನಿದೆ?

ಇದೆ ಅಂತ ನನ್ನ ವಾದ. ಒಂದು ಕಾಲದ ದೊಡ್ಡವರು ಏನು ಯೋಚಿಸುತ್ತಿದ್ದರು ಅನ್ನೋದು ಪುಸ್ತಕಗಳಲ್ಲಿ ಸಿಗುತ್ತೆ. ಆದರೆ ಮನೆ ಮಂದಿಯೆಲ್ಲ ಕೂತಿರುವಾಗ, ಮಕ್ಕಳ ಎದುರಿಗೆ, ಯಾವ ಮಾತನ್ನು ಆಡಬಹುದಿತ್ತು, ಯಾವುದನ್ನು ಆಡಬಾರದಿತ್ತು ಅನ್ನೋದು ತಿಳಿಯಬೇಕಾದರೆ ಇಂಥ ಕಾರ್ಯಕ್ರಮಗಳನ್ನೇ ನೋಡಬೇಕು. ಅದರಲ್ಲೂ ಹೆಂಗಸರ ವಿಷಯದಲ್ಲಿ.

ಅಮೆರಿಕದ ಹಳೆಯ ಸಿಟ್‌ಕಾಂಗಳ ಸಾಲನ್ನು ನೋಡುತ್ತಾ ಬಂದರೆ ಒಂದು ಕಾಕತಾಳೀಯ ಕಣ್ಣಿಗೆ ಬೀಳುತ್ತೆ. 1952, 1972, 1992. ಸರಿಯಾಗಿ ಇಪ್ಪತ್ತಿಪ್ಪತ್ತು ವರ್ಷಗಳ ಅಂತರದಲ್ಲಿ ಮೂವರು ಹೆಂಗಸರು ಪರದೆಯ ಮೇಲೆ ಬಸುರಿಯಾದರು. ಮೂರೂ ಸಲ ಟೀವಿ ಕಂಪನಿಯವರಿಗೆ ತಲೆನೋವು, ಮೂರೂ ಸಲ ತಲೆನೋವಿಗೆ ಕಾರಣ ಬೇರೆ. ಆ ಮೂರನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ ಅಂತ ಈ ಬರಹ.

ಮೊದಲನೆಯವಳು ಲೂಸಿ. 'ಐ ಲವ್ ಲೂಸಿ' ಸಿಬಿಎಸ್ ವಾಹಿನಿಯಲ್ಲಿ ಶುರುವಾದದ್ದು 1951ರ ಅಕ್ಟೋಬರ್ 15ರಂದು. ಲೂಸಿಯಾಗಿ ಲುಸಿಲ್ ಬಾಲ್, ಗಂಡ ರಿಕಿಯಾಗಿ ಆಕೆಯ ನಿಜವಾದ ಗಂಡ, ಕ್ಯೂಬಾ ಮೂಲದ ದೇಸಿ ಅರ್ನಾಜ್. ಅಮೆರಿಕದ ಹೆಣ್ಣಿಗೆ ಕ್ಯೂಬಾದ ಗಂಡ ಅಂದರೆ ಜನ ಒಪ್ಪುತ್ತಾರಾ ಅಂತ ವಾಹಿನಿಯವರಿಗೆ ಮೊದಲು ಅನುಮಾನವಿತ್ತು. ಕಥೆ ಏನು ಅಂದ್ರೆ, ರಿಕಿ ನೈಟ್‌ಕ್ಲಬ್ಬಿನಲ್ಲಿ ಬ್ಯಾಂಡ್ ನಡೆಸುವವನು. ಲೂಸಿಗೆ ತಾನೂ ವೇದಿಕೆ ಹತ್ತಬೇಕು ಅನ್ನೋ ಆಸೆ. ಗಂಡ ಬೇಡ ಅನ್ನುತ್ತಾನೆ, ಅವಳು ಏನೋ ಉಪಾಯ ಹೂಡುತ್ತಾಳೆ, ಅದು ಕೈಕೊಡುತ್ತೆ, ಕೊನೆಗೆ ಮತ್ತೆ ಅಡುಗೆಮನೆ. ಹೆಚ್ಚುಕಡಿಮೆ ಇದೇ ಕಥೆ ಆರು ವರ್ಷ, 180 ಕಂತು ನಡೆಯಿತು.

1952ರಲ್ಲಿ ಲುಸಿಲ್ ಬಾಲ್ ಮತ್ತೆ ಗರ್ಭಿಣಿಯಾದರು. ಕಾರ್ಯಕ್ರಮ ನಿಲ್ಲಿಸಬೇಕಾ, ಹೊಟ್ಟೆ ಮರೆಸಿ ಚಿತ್ರೀಕರಿಸಬೇಕಾ ಅಂತ ಚರ್ಚೆ. ಪ್ರಾಯೋಜಕರು ಫಿಲಿಪ್ ಮಾರಿಸ್, ಅಂದರೆ ಸಿಗರೇಟ್ ಕಂಪನಿ. ಸಂಸಾರವಂದಿಗರ ಮನೆಗೆ ಸಿಗರೇಟು ಮಾರುವುದರಲ್ಲಿ ಇಲ್ಲದ ಮುಜುಗರ ಬಸುರಿ ಹೆಂಗಸನ್ನು ತೋರಿಸುವುದರಲ್ಲಿ ಇತ್ತು :-) ಕೊನೆಗೆ ಕಥೆಯಲ್ಲೂ ಲೂಸಿ ಬಸುರಿಯಾಗಲಿ ಅಂತ ತೀರ್ಮಾನವಾಯಿತು. ಆದರೆ 'ಪ್ರೆಗ್ನೆಂಟ್' ಅನ್ನೋ ಪದ ಬಳಸುವಂತಿಲ್ಲ! ಅದರ ಬದಲು 'ಎಕ್ಸ್‌ಪೆಕ್ಟಿಂಗ್' ಅನ್ನಬೇಕು. ನಮ್ಮ ಕಡೆ ದೊಡ್ಡವರು ದನಿ ತಗ್ಗಿಸಿ "ಏನಾದ್ರೂ ವಿಶೇಷಾನಾ?" ಅಂತ ಕೇಳುತ್ತಾರಲ್ಲ, ಹಾಗೆ. 1952ರ ಡಿಸೆಂಬರ್ 8ರಂದು ಬಂದ ಆ ಕಂತಿನ ಹೆಸರಿಗೂ ಇಂಗ್ಲಿಷ್ ಪದ ಬೇಡವೆಂದು ಫ್ರೆಂಚ್ ಪದವನ್ನು ಆರಿಸಿದರು. ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರಾಟೆಸ್ಟೆಂಟ್ ಪಾದ್ರಿ, ಒಬ್ಬ ಯಹೂದಿ ರಬ್ಬಿ, ಹೀಗೆ ಮೂರು ಜನ ಆ ಕಂತುಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡಬೇಕಿತ್ತು.

1953ರ ಜನವರಿ 19ರ ರಾತ್ರಿ ಲೂಸಿ ಆಸ್ಪತ್ರೆಗೆ ಹೋಗುವ ಕಂತು ಪ್ರಸಾರವಾಯಿತು. ಅದೇ ದಿನ ಲುಸಿಲ್ ಬಾಲ್‌ಗೆ ಸಿಸೇರಿಯನ್ ಆಗಿ ಗಂಡುಮಗು ಹುಟ್ಟಿತ್ತು. ಆ ಕಂತನ್ನು ನೋಡಿದವರು ಸುಮಾರು 4.4 ಕೋಟಿ ಜನ. ಮರುದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡದ್ದನ್ನು ನೋಡಿದವರು ಅದಕ್ಕಿಂತ ಎಷ್ಟೋ ಕಡಿಮೆ.

ಟೀವಿಯಲ್ಲಿ ಬಸುರಿಯನ್ನು ತೋರಿಸಿದ್ದು ಇದೇ ಮೊದಲು ಅಂತ ಎಷ್ಟೋ ಕಡೆ ಬರೆಯುತ್ತಾರೆ, ಅದು ಸರಿಯಲ್ಲ. 1947ರಲ್ಲಿ ಶುರುವಾದ, ಅಮೆರಿಕದ ಮೊದಲ ಸಿಟ್‌ಕಾಂ ಅನ್ನಿಸಿಕೊಂಡ 'ಮೇರಿ ಕೇ ಅಂಡ್ ಜಾನಿ'ಯಲ್ಲಿ ಆಗಲೇ ಅದು ಆಗಿತ್ತು. ಆದರೆ ಆಗ ಟೀವಿ ಇದ್ದ ಮನೆಗಳೇ ಕಡಿಮೆ. ಮುಜುಗರ ಅನ್ನೋದು ಪ್ರೇಕ್ಷಕರ ಸಂಖ್ಯೆಯ ಜೊತೆಗೇ ಬೆಳೆಯುತ್ತೆ ಅಂತ ಇದರಿಂದ ಗೊತ್ತಾಗುತ್ತೆ.

ಲೂಸಿಯ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಕಥೆಯೊಳಗಿನ ಲೂಸಿಗೆ ಗಂಡನ ಅಪ್ಪಣೆಯಿಲ್ಲದೆ ವೇದಿಕೆ ಹತ್ತುವಂತಿರಲಿಲ್ಲ. ಕಥೆಯ ಹೊರಗಿನ ಲುಸಿಲ್ ಬಾಲ್ 1962ರಲ್ಲಿ, ವಿಚ್ಛೇದನದ ನಂತರ, ಗಂಡನ ಪಾಲನ್ನು ಕೊಂಡುಕೊಂಡು ದೇಸಿಲು ಸ್ಟುಡಿಯೋದ ಅಧ್ಯಕ್ಷೆಯಾದರು. 'ಸ್ಟಾರ್ ಟ್ರೆಕ್' ಶುರುವಾದದ್ದು ಅದೇ ಸ್ಟುಡಿಯೋದಲ್ಲಿ. ಲೂಸಿಯ ಮೂಲ ಬರಹಗಾರರು ಮೂವರು, ಅವರಲ್ಲಿ ಒಬ್ಬಾಕೆ ಮ್ಯಾಡೆಲಿನ್ ಪ್ಯೂ. ಮನೆ ಬಿಟ್ಟು ಹೊರಗೆ ಬರಲಾರದ ಹೆಂಗಸಿನ ಕಥೆಯನ್ನು ಬರೆದದ್ದು, ನಟಿಸಿದ್ದು ಎಲ್ಲ ಹೊರಗೆ ದುಡಿಯುವ ಹೆಂಗಸರೇ.

ಲೂಸಿ ಆದ ಮೇಲೆ ಬಂದ ಟೀವಿ ತಾಯಂದಿರು ಇನ್ನೂ ಸಾಧು. 'ಲೀವ್ ಇಟ್ ಟು ಬೀವರ್' (1957-63) ಧಾರಾವಾಹಿಯ ತಾಯಿ ಮುತ್ತಿನ ಸರ ಹಾಕಿಕೊಂಡೇ ಮನೆಗೆಲಸ ಮಾಡುತ್ತಿದ್ದಳು. 1963ರಲ್ಲಿ ಬೆಟ್ಟಿ ಫ್ರೀಡನ್ ತಮ್ಮ ಪುಸ್ತಕದಲ್ಲಿ ಇಂಥ ಮನೆಗಳೊಳಗಿನ ಹೆಸರಿಲ್ಲದ ಅಸಮಾಧಾನದ ಬಗ್ಗೆ ಬರೆದರು. ಮರುವರ್ಷವೇ 'ಬಿವಿಚ್ಡ್' ಬಂತು. ಅದರ ನಾಯಕಿ ಸಮಂತಾ ಮೂಗು ಅಲ್ಲಾಡಿಸಿದರೆ ಸಾಕು, ಏನು ಬೇಕಾದರೂ ಆಗುವಂಥ ಮಾಟಗಾತಿ. ಗಂಡನ ಕರಾರು ಒಂದೇ, ಆ ಶಕ್ತಿಯನ್ನು ಬಳಸಬಾರದು, ಮಾಮೂಲಿ ಗೃಹಿಣಿಯಾಗಿರಬೇಕು! ಆ ಕಾಲದ ಒಟ್ಟು ಪರಿಸ್ಥಿತಿಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳೋದು ಕಷ್ಟ.

ಗಂಡನಿಲ್ಲದ ಹೆಂಗಸು ನಾಯಕಿಯಾಗಬೇಕಾದರೂ ಕಾರಣ 'ಗೌರವಾನ್ವಿತ'ವಾಗಿರಬೇಕಿತ್ತು. 1968ರಲ್ಲಿ ಬಂದ 'ಜೂಲಿಯಾ'ದಲ್ಲಿ ಡಯಾನ್ ಕ್ಯಾರಲ್ ನರ್ಸ್ ಕೆಲಸ ಮಾಡುತ್ತಾ ಮಗನನ್ನು ಸಾಕುವ ಕರಿಯ ಹೆಣ್ಣುಮಗಳಾಗಿ ನಟಿಸಿದರು. ಅವಳು ವಿಧವೆ, ಗಂಡ ವಿಯೆಟ್ನಾಂ ಯುದ್ಧದಲ್ಲಿ ಸತ್ತವನು. 1970ರಲ್ಲಿ 'ದ ಮೇರಿ ಟೈಲರ್ ಮೂರ್ ಶೋ' ಬಂದಾಗ ನಾಯಕಿ ವಿಚ್ಛೇದಿತೆ ಅಂತ ಬರಹಗಾರರು ಯೋಚಿಸಿದ್ದರು. ವಾಹಿನಿಯವರು ಒಪ್ಪಲಿಲ್ಲ. ಹಾಗಾಗಿ ಅವಳು ನಿಶ್ಚಿತಾರ್ಥ ಮುರಿದುಬಿದ್ದವಳಾಗಿ, ಮಿನಿಯಾಪೊಲಿಸ್‌ನ ಟೀವಿ ಸುದ್ದಿಮನೆಗೆ ಕೆಲಸಕ್ಕೆ ಬಂದಳು. ವಿಚ್ಛೇದಿತ ತಾಯಿ ನಾಯಕಿಯಾದ 'ಒನ್ ಡೇ ಅಟ್ ಎ ಟೈಮ್' ಬಂದದ್ದು 1975ರಲ್ಲಿ. ಮೊದಲು ವಿಧವೆ, ಆಮೇಲೆ ನಿಶ್ಚಿತಾರ್ಥ ಮುರಿದವಳು, ಆಮೇಲೆ ವಿಚ್ಛೇದಿತೆ... ಒಂದೊಂದು ಮೆಟ್ಟಿಲಿಗೂ ಇಷ್ಟಿಷ್ಟು ವರ್ಷ.

ಈ ನಡುವೆಯೇ ಬಂದವಳು ಎರಡನೆಯವಳು, ಮಾಡ್. 1972ರಲ್ಲಿ ನಾರ್ಮನ್ ಲಿಯರ್ ನಿರ್ಮಿಸಿದ 'ಮಾಡ್' ಧಾರಾವಾಹಿಯ ನಾಯಕಿ ಬೀಟ್ರಿಸ್ ಆರ್ಥರ್. ಎತ್ತರದ ಆಳು, ಗಟ್ಟಿ ದನಿ, ಎದುರು ಮಾತಾಡಿದರೆ ಉಗಿದು ಉಪ್ಪು ಹಾಕುವ ಸ್ವಭಾವ. ವಯಸ್ಸು 47, ಮಗಳಿಗೇ ಒಬ್ಬ ಮಗನಿದ್ದಾನೆ, ಅಂದರೆ ಇವಳು ಅಜ್ಜಿ. ಆ ವರ್ಷದ ನವೆಂಬರ್ 14 ಮತ್ತು 21ರಂದು ಎರಡು ಭಾಗಗಳಲ್ಲಿ ಬಂದ ಕಂತುಗಳಲ್ಲಿ ತಾನು ಬಸುರಿ ಅಂತ ಅವಳಿಗೆ ಗೊತ್ತಾಗುತ್ತೆ. ಕಾರ್ಯಕ್ರಮ ನಡೆಯುವುದು ನ್ಯೂಯಾರ್ಕ್ ರಾಜ್ಯದಲ್ಲಿ, ಅಲ್ಲಿ 1970ರಲ್ಲೇ ಗರ್ಭಪಾತ ಕಾನೂನುಬದ್ಧವಾಗಿತ್ತು. ಈಗ ಕಾನೂನೇ ಬದಲಾಗಿದೆ, ಹೆದರಬೇಡ ಅಂತ ಮಗಳು ತಾಯಿಗೆ ಧೈರ್ಯ ಹೇಳುತ್ತಾಳೆ. ಗಂಡನಿಗೆ ಮಗು ಬೇಕೇನೋ ಅಂತ ಇವಳಿಗೆ, ಇವಳಿಗೆ ಬೇಕೇನೋ ಅಂತ ಗಂಡನಿಗೆ ಅನುಮಾನ. ಕೊನೆಗೆ ಇಬ್ಬರೂ ಕೂತು ಮಾತಾಡಿ ಮಗು ಬೇಡವೆಂದು ತೀರ್ಮಾನಿಸುತ್ತಾರೆ. ಇದನ್ನು ಬರೆದವರು ಸೂಸನ್ ಹ್ಯಾರಿಸ್, ಮುಂದೆ 'ಗೋಲ್ಡನ್ ಗರ್ಲ್ಸ್' ಸೃಷ್ಟಿಸಿದಾಕೆ.

ಆಗ ಇಲಿನಾಯ್ ರಾಜ್ಯದ ಎರಡು ಕೇಂದ್ರಗಳು ಮಾತ್ರ ಈ ಕಂತುಗಳನ್ನು ಪ್ರಸಾರ ಮಾಡಲಿಲ್ಲ. ಎರಡು ತಿಂಗಳು ಕಳೆದು, 1973ರ ಜನವರಿ 22ರಂದು, 'ರೋ ವರ್ಸಸ್ ವೇಡ್' ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕನ್ನು ದೇಶಕ್ಕೆಲ್ಲ ಅನ್ವಯಿಸಿತು. ಇಷ್ಟಾದ ಮೇಲೆ ವಿರೋಧ ತಣ್ಣಗಾಗಬೇಕಿತ್ತಲ್ಲವೇ? ಆದದ್ದು ಉಲ್ಟಾ. ಅದೇ ಆಗಸ್ಟ್‌ನಲ್ಲಿ ಮರುಪ್ರಸಾರ ಆದಾಗ ಸುಮಾರು ನಲವತ್ತು ಕೇಂದ್ರಗಳು ಹಿಂದೆ ಸರಿದವು, ಜಾಹೀರಾತುದಾರರು ಕೈಎತ್ತಿದರು. ಒಂದು ರಾಜ್ಯದ ಹೆಂಗಸಿನ ಕಥೆಯಾಗಿದ್ದಾಗ ಸಹಿಸಿಕೊಂಡವರು ಅದು ಎಲ್ಲರ ಹಕ್ಕಾದಾಗ ಸಂಘಟಿತರಾದರು.

ಮೂರನೆಯವಳು ಮರ್ಫಿ ಬ್ರೌನ್. 1988ರಲ್ಲಿ ಶುರುವಾದ ಧಾರಾವಾಹಿಯ ಹೆಸರೂ ಅದೇ, ಸೃಷ್ಟಿಸಿದವರು ಡಯಾನ್ ಇಂಗ್ಲಿಷ್, ನಟಿಸಿದವರು ಕ್ಯಾಂಡಿಸ್ ಬರ್ಗನ್. ಮರ್ಫಿ ವಾಷಿಂಗ್ಟನ್ನಿನ ಹೆಸರಾಂತ ಟೀವಿ ಪತ್ರಕರ್ತೆ, ನಲವತ್ತು ದಾಟಿದವಳು, ಕುಡಿತ ಬಿಟ್ಟು ಬಂದವಳು. ಮಾಜಿ ಗಂಡನಿಂದ ಬಸುರಾಗುತ್ತಾಳೆ, ಅವನು ಜವಾಬ್ದಾರಿಗೆ ತಯಾರಿಲ್ಲ, ಇವಳು ಒಬ್ಬಳೇ ಹೆತ್ತು ಸಾಕಲು ನಿರ್ಧರಿಸುತ್ತಾಳೆ. ಮಗು ಹುಟ್ಟಿದ ಕಂತು ಪ್ರಸಾರವಾದದ್ದು 1992ರ ಮೇ 18ರಂದು.

ಮರುದಿನ ಉಪಾಧ್ಯಕ್ಷ ಡಾನ್ ಕ್ವೇಲ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭಾಷಣ ಮಾಡಿದರು. ಆಗಷ್ಟೇ ಲಾಸ್ ಏಂಜಲೀಸ್ ಗಲಭೆಗಳು ಮುಗಿದಿದ್ದವು. ಬಡತನಕ್ಕೂ ಅಶಾಂತಿಗೂ ಕುಟುಂಬಗಳು ಒಡೆಯುತ್ತಿರುವುದೇ ಮೂಲ ಅಂತ ಹೇಳುತ್ತಾ, ಮರ್ಫಿ ಬ್ರೌನ್ ಒಬ್ಬಳೇ ಮಗು ಹೆತ್ತು ತಂದೆಯರ ಮಹತ್ವವನ್ನೇ ಅಣಕಿಸಿದ್ದಾಳೆ ಅಂದರು. ದೇಶದ ಉಪಾಧ್ಯಕ್ಷರು ಕಲ್ಪನೆಯ ಹೆಂಗಸನ್ನು ಹೆಸರಿಡಿದು ಬೈದರು! ಗರ್ಭಪಾತವನ್ನು ವಿರೋಧಿಸುವ ಪಕ್ಷದವರು, ಹೆತ್ತವಳನ್ನೂ ತಪ್ಪು ಅಂದರೆ ಹೇಗೆ? ಮದುವೆಯಿಲ್ಲದೆ ಹೆರುವುದು ಅವಮಾನ ಅನ್ನುವುದಾದರೆ ಗರ್ಭಪಾತ ಸುರಕ್ಷಿತವಾಗಿ, ಕಾನೂನುಬದ್ಧವಾಗಿ ಉಳಿಯುವಂತೆ ನೋಡಿಕೊಳ್ಳಲಿ ಅಂತ ಡಯಾನ್ ಇಂಗ್ಲಿಷ್ ಉತ್ತರ ಕೊಟ್ಟರು. ಸೆಪ್ಟೆಂಬರ್ 21ರ ಕಂತಿನಲ್ಲಿ ಮರ್ಫಿ ತನ್ನ ಕಾರ್ಯಕ್ರಮಕ್ಕೆ ಬೇರೆ ಬೇರೆ ಬಗೆಯ ಕುಟುಂಬಗಳನ್ನು ಕರೆತಂದು ಕುಟುಂಬ ಅಂದರೆ ಒಂದೇ ಅಚ್ಚಿನದಲ್ಲ ಅಂದಳು. ಆಲೂಗಡ್ಡೆಯ ಇಂಗ್ಲಿಷ್ ಕಾಗುಣಿತವನ್ನು ಕ್ವೇಲ್ ತಪ್ಪು ಹೇಳಿಕೊಟ್ಟದ್ದು ಆಗ ದೊಡ್ಡ ನಗೆಪಾಟಲಾಗಿತ್ತು. ಹಾಗಾಗಿ ಕಂತಿನ ಕೊನೆಯಲ್ಲಿ ಅವರ ಮನೆ ಮುಂದೆ ಒಂದು ಲಾರಿ ಆಲೂಗಡ್ಡೆ ಸುರಿಸಿದ್ದೂ ಆಯಿತು :-)

ನಗು ಬಂದರೂ ಇಲ್ಲಿ ನನಗೆ ಒಂದು ಕೊರತೆ ಕಾಣುತ್ತೆ. ಲೂಸಿ, ಮಾಡ್, ಮರ್ಫಿ ಮೂವರೂ ಬಿಳಿಯರು, ಊಟ-ಬಟ್ಟೆಗೆ ತೊಂದರೆಯಿಲ್ಲದವರು. ಕ್ವೇಲ್ ಭಾಷಣದ ವಸ್ತು ಬಡ ಬಡಾವಣೆಗಳ ಒಂಟಿ ತಾಯಂದಿರು. ಆಮೇಲೆ ತಿಂಗಳುಗಟ್ಟಲೆ ನಡೆದ ಜಗಳದಲ್ಲಿ ಮುಂದಿದ್ದವಳು ಮಾತ್ರ ಕೈತುಂಬಾ ಸಂಬಳದ ಪತ್ರಕರ್ತೆ. ಬಾಡಿಗೆ ಕಟ್ಟಲು, ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗಲು ಪಾಡುಪಡುವ ತಾಯಿಗೆ ಅವಳ ಪರವಾಗಿ ಅಷ್ಟು ಚೆನ್ನಾಗಿ ಉತ್ತರ ಕೊಡುವ ಬರಹಗಾರರು ಇರಲಿಲ್ಲ.

ಹಾಗಾದರೆ ನಲವತ್ತು ವರ್ಷದಲ್ಲಿ ಬದಲಾದದ್ದೇನು? 1952ರಲ್ಲಿ ಪ್ರಶ್ನೆ ಒಂದು ಪದದ್ದು: ಹೇಳಬಹುದೇ? 1972ರಲ್ಲಿ ಪ್ರಶ್ನೆ ತೀರ್ಮಾನದ್ದು: ಬೇಡ ಅನ್ನಬಹುದೇ? 1992ರಲ್ಲಿ ಪ್ರಶ್ನೆ ಗಂಡಸಿನದ್ದು: ಅವನಿಲ್ಲದೆ ಬೇಕು ಅನ್ನಬಹುದೇ? ಪದ ಬಾಯಿಗೆ ಬಂತು, ಆದರೆ ಹೊಟ್ಟೆ ಯಾರದ್ದು ಅನ್ನೋ ಜಗಳ ಮುಗಿಯಲಿಲ್ಲ. ಹೆಂಗಸು ಗಂಡನ ಮಗುವನ್ನು ಹೆತ್ತಾಗ ಮೂವರು ಧರ್ಮಗುರುಗಳ ಒಪ್ಪಿಗೆ ಬೇಕಾಯಿತು, ಬೇಡವೆಂದಾಗ ಕೇಂದ್ರಗಳು ಪರದೆ ಮುಚ್ಚಿದವು, ಒಬ್ಬಳೇ ಹೆತ್ತಾಗ ಉಪಾಧ್ಯಕ್ಷರೇ ಬಂದರು.

ಇತಿಹಾಸ ಅಂದರೆ ಮೇಲಕ್ಕೇ ಹೋಗುವ ಮೆಟ್ಟಿಲು ಅಂದುಕೊಳ್ಳುವವರಿಗೆ ಕೊನೆಯದೊಂದು ಸಂಗತಿ. 'ರೋ ವರ್ಸಸ್ ವೇಡ್' ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟು 2022ರ ಜೂನ್ 24ರಂದು ರದ್ದು ಮಾಡಿತು. ಆ ನವೆಂಬರಿಗೆ ಮಾಡ್ ಕಂತುಗಳಿಗೆ ಐವತ್ತು ವರ್ಷ ತುಂಬಿತು. ಕಾನೂನು ಬದಲಾಗಿದೆ, ಹೆದರಬೇಡ ಅಂತ ಮಗಳು ತಾಯಿಗೆ ಹೇಳಿದ್ದಳಲ್ಲ, ಅಷ್ಟು ಹೊತ್ತಿಗೆ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅದೇ ಮಾತನ್ನು ಅರ್ಧಕ್ಕೆ ನಿಲ್ಲಿಸಬೇಕಾಗಿತ್ತು. ಕಾನೂನು ಬದಲಾಗಿದೆ, ಅಷ್ಟೆ.